ಅತ್ಯಾ ಗಡ್ಡಿ ಬಿಟ್ಟದ್ದು

ನಮ್ಮ ಮನೆಯಲ್ಲಿ ತರಕಾರಿಗಳಿಗೆ ಎರಡೇ ಜಾತಿ ಇದ್ದವು. ನೆಲದ ಮೇಲೆ ಬೆಳೆಯುವವು, ನೆಲದ ಕೆಳಗೆ ಬೆಳೆಯುವವು. ಮೇಲಿನವು ಒಳಗೆ ಬರುತ್ತಿದ್ದವು, ಕೆಳಗಿನವು ಹೊಸ್ತಿಲು ದಾಟುವಂತಿರಲಿಲ್ಲ. ಸವಣೂರಿನ ಸಾಲೆಯಲ್ಲಿ ನಮ್ಮ ಮಾಸ್ತರರು ಒಮ್ಮೆ, ನೆಲದ ಕೆಳಗೆ ಬೆಳೆಯುವ ಕಾಯಿಪಲ್ಲೆ ಯಾವುವು ಎಂದು ಕೇಳಿದರು. ನಾನು ಎದ್ದು ನಿಂತು, "ನಾವು ತಿನ್ನಲಾರದವು ರೀ" ಎಂದೆ. ಮಾಸ್ತರರು ನನ್ನನ್ನು ಕೂರಿಸಿ ಪಕ್ಕದವಳನ್ನು ಕೇಳಿದರು. ಅವಳು ಬಟಾಟಿ, ಗಜ್ಜರಿ, ಮೂಲಂಗಿ ಎಂದಳು. ಅವಳಿಗೆ ಶಾಬಾಸ್ ಸಿಕ್ಕಿತು. ನನ್ನ ಉತ್ತರವೂ ತಪ್ಪಾಗಿರಲಿಲ್ಲ ಎಂದೇ ನಾನು ಇಂದಿಗೂ ತಿಳಿದಿದ್ದೇನೆ.

ಆ ಮನೆಯಲ್ಲಿ ನಾವು ನಾಲ್ಕೇ ಮಂದಿ. ಅಪ್ಪ ವಕೀಲರು. ಕೋರ್ಟಿನಲ್ಲಿ ಗಂಟೆಗಟ್ಟಲೆ ವಾದ ಮಾಡಿ ಬರುತ್ತಿದ್ದರು, ಮನೆಯಲ್ಲಿ ಯಾವ ತಕರಾರು ಎದ್ದರೂ "ಮುಂದ ನೋಡೋಣು" ಎಂದು ತಾರೀಖು ಕೊಟ್ಟುಬಿಡುತ್ತಿದ್ದರು. ಅವ್ವ ಹಾನಗಲ್ಲಿನವಳು. ವಾದದಲ್ಲಿ ಅಪ್ಪನಿಗಿಂತ ಚುರುಕು, ಆದರೆ ಅವಳಿಗೆ ಕರಿ ಕೋಟು ಇರಲಿಲ್ಲ. ಅಪ್ಪನ ಅಕ್ಕ ನನಗೆ ಅತ್ಯಾ. ಹನ್ನೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಆಗಿನ ಪದ್ಧತಿಯಂತೆ ಅವಳ ತಲೆಗೂದಲು ತೆಗೆಸಿದ್ದರು. ಕೆಂಪು ಸೀರೆಯ ಸೆರಗನ್ನು ತಲೆ ತುಂಬ ಹೊದ್ದು, ದಿನಕ್ಕೆ ಒಂದೇ ಊಟ ಮಾಡಿ, ಒಲೆಯನ್ನೂ ಹಿತ್ತಿಲನ್ನೂ ಆಳುತ್ತಿದ್ದಳು. ನಾಲ್ಕನೆಯವಳು ನಾನು, ಆಗಿನ್ನೂ ಸಾಲೆಗೆ ಹೋಗುವ ಹುಡುಗಿ.

ಅತ್ಯಾ ಮಡಿಯುಟ್ಟು ಬೇಯಿಸಿದ್ದನ್ನೇ ಎಲ್ಲರೂ ಉಣ್ಣಬೇಕು. ಅವ್ವನ ಜಾಗ ಈಳಿಗೆಯ ಮುಂದೆ. ಹೆಚ್ಚುವುದು, ತುರಿಯುವುದು, ಬಡಿಸುವುದು ಅವಳ ಪಾಲು. ಏನು ಮಾಡಬೇಕು ಎನ್ನುವುದು ಅತ್ಯಾನ ಪಾಲು. ಹೀಗೆ ಇಬ್ಬರೂ ವರ್ಷಗಟ್ಟಲೆ ಹೆಚ್ಚು ಮಾತಿಲ್ಲದೆ ನಡೆಸಿಕೊಂಡು ಬಂದಿದ್ದರು. ಕೆಟ್ಟದ್ದು ಕಾಶಿಯಿಂದ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ಹಾನಗಲ್ಲು, ಹಿರೇಕೆರೂರು ಕಡೆಯ ಹಿರಿಯರು ಕೆಲವರು ಕೂಡಿ ಕಾಶಿಗೆ ಹೊರಟರು. ಅಪ್ಪ ಅತ್ಯಾನನ್ನು ಅವರ ಜೊತೆ ಮಾಡಿ ಕಳಿಸಿದರು. ಕಾಶಿಗೆ ಹೋದವರು ತಿನ್ನುವ ವಸ್ತು ಒಂದನ್ನು ಅಲ್ಲಿ ಬಿಟ್ಟು ಬರಬೇಕು, ಜೀವ ಇರುವವರೆಗೆ ಅದನ್ನು ಮತ್ತೆ ಮುಟ್ಟಬಾರದು. ಶಾಸ್ತ್ರದ ಪ್ರಕಾರ ಬಿಡಬೇಕಾದದ್ದು ಪ್ರೀತಿಯ ವಸ್ತು. ರೂಢಿಯ ಪ್ರಕಾರ ಹಾಗಲಕಾಯಿ. ಆ ಗುಂಪಿನಲ್ಲಿದ್ದ ಹಿರೇಕೆರೂರಿನ ಹಿರಿಯರೊಬ್ಬರು ಹಾಗಲಕಾಯಿಯನ್ನೇ ಬಿಟ್ಟರು. ಹುಟ್ಟಿದಾಗಿನಿಂದ ಅದನ್ನು ಎಲೆಯ ಅಂಚಿಗೆ ತಳ್ಳುತ್ತ ಬಂದವರು ಅವರು. ಹಾನಗಲ್ಲಿನ ಮುದುಕಿಯೊಬ್ಬಳು ಸೇಬುಹಣ್ಣು ಬಿಟ್ಟಳು. ಅದನ್ನು ಆಕೆ ಮೊದಲ ಸಲ ಕಂಡದ್ದೇ ಕಾಶಿಯ ಬಜಾರದಲ್ಲಿ. ಇವರೆಲ್ಲ ಪುಣ್ಯ ಕಟ್ಟಿಕೊಂಡು ಸುಖವಾಗಿ ಊರು ಸೇರಿದರು.

ಅತ್ಯಾ ಬಂದ ದಿನ ಅವ್ವ ಈಳಿಗೆಯ ಮುಂದೆ ಕುಳಿತು ಬಟಾಟಿ ಹೆಚ್ಚುತ್ತಿದ್ದಳು. ಯಾತ್ರೆಯಿಂದ ಬಂದವಳಿಗೆ ಒಳ್ಳೆಯ ಅಡಿಗೆಯಾಗಲಿ ಎಂದು ಅವಳ ಮನಸ್ಸಿನಲ್ಲಿತ್ತು. ಅತ್ಯಾ ಗಂಗೆಯ ತಂಬಿಗೆಯನ್ನು ದೇವರ ಮುಂದಿಟ್ಟಳು, ನನ್ನ ಕೈಗೆ ಕಾಶಿಯ ಕರಿ ದಾರ ಕಟ್ಟಿದಳು, ನೀರು ಕುಡಿದಳು.

"ಕಾಶ್ಯಾಗ ಏನ ಬಿಟ್ರಿ ಅಕ್ಕಾ?" ಎಂದಳು ಅವ್ವ, ಕೈಯ ಕೆಲಸ ನಿಲ್ಲಿಸದೆ.

"ಗಡ್ಡಿ ಬಿಟ್ಟೆ."

"ಯಾವ ಗಡ್ಡಿ?"

"ಯಾವ್ದು ಅಂದ್ರ? ಗಡ್ಡಿ ಅಂದ್ರ ಗಡ್ಡಿ. ನೆಲದಾಗ ಬೆಳೆಯೋವು ಎಲ್ಲಾ."

ಅವ್ವನ ಕೈ ನಿಂತಿತು. ಹೆಚ್ಚಿದ ಬಟಾಟಿಯನ್ನು ಆಕಳಿಗೆ ಹಾಕಿದೆವು. ಆಕಳಿಗೆ ಕಾಶಿಯಾತ್ರೆಯ ಫಲ ಮೊದಲು ಸಿಕ್ಕಿತು.

ಬಟಾಟಿ, ಗೆಣಸು, ಸುವರ್ಣಗಡ್ಡಿ ಮೊದಲ ದಿನವೇ ಹೋದವು. ಗಜ್ಜರಿ, ಮೂಲಂಗಿಗಳ ಹೆಸರಿನಲ್ಲಿ ಗಡ್ಡಿ ಇಲ್ಲದಿದ್ದರೂ ಇರುವ ಜಾಗದ ಕಾರಣಕ್ಕೆ ಅವೂ ಹೋದವು. ಉಳ್ಳಾಗಡ್ಡಿಯ ಮಾತೇ ಇರಲಿಲ್ಲ. ಅದು ನಮ್ಮ ಮನೆಗೆ ಎಂದೂ ಬಂದದ್ದಲ್ಲ, ಬಾರದೇ ಇದ್ದದ್ದನ್ನು ಬಿಡಲಿಕ್ಕೆ ಬರುವುದಿಲ್ಲ ಎಂದು ಅತ್ಯಾ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅರಿಷಿಣದ ಪ್ರಶ್ನೆ ಬಂದಾಗ ಮಾತ್ರ ಮನೆಯಲ್ಲಿ ಗಾಬರಿಯಾಯಿತು. ಅದೂ ನೆಲದ ಕೆಳಗಿನದೇ, ಅದಿಲ್ಲದೆ ಸಾರಿಲ್ಲ. ಅತ್ಯಾ ಒಂದು ಮಧ್ಯಾಹ್ನ ಪೂರ್ತಿ ಯೋಚಿಸಿ, ಒಣಗಿದ ಮೇಲೆ ಗಡ್ಡಿ ಗಡ್ಡಿಯಾಗಿ ಉಳಿಯುವುದಿಲ್ಲ ಎಂದು ತೀರ್ಪು ಕೊಟ್ಟಳು. ಇದರಿಂದ ಅರಿಷಿಣ ಉಳಿಯಿತು, ಒಣಶುಂಠಿ ಉಳಿಯಿತು, ಹಸಿಶುಂಠಿ ಹೋಯಿತು.

"ಹಂಗಾದ್ರ ಬಟಾಟಿ ಹಪ್ಪಳ?" ಎಂದಳು ಅವ್ವ. "ಅದೂ ಒಣಗಿದ್ದ ಅಲ್ಲ?"

"ಅದು ನಡಿಯಂಗಿಲ್ಲ. ಒಣಗಿದ ಮ್ಯಾಲೂ ಅದು ಬಟಾಟಿ ಅಂತನ ಅನಿಸ್ಕೋತದ."

ಶೇಂಗಾದ ಸರದಿ ಬಂದಾಗ ಅಪ್ಪ ಮೊದಲ ಸಲ ತಾರೀಖು ಕೊಡದೆ ಕುಳಿತರು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇಲ್ಲದೆ ಅವರಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ದಿನಗಳಲ್ಲೇ ಹಿರೇಬೆಂಡಿಗೇರಿಯ ರೈತನೊಬ್ಬ, ಅಪ್ಪನ ಹಳೆಯ ಕಕ್ಷಿದಾರ, ಬುಡಸಹಿತ ಕಿತ್ತ ಶೇಂಗಾ ಗಿಡಗಳ ಹೊರೆಯನ್ನು ನಮ್ಮ ಕಟ್ಟೆಯ ಮೇಲೆ ಇಳಿಸಿಹೋದ. ಅತ್ಯಾ ಒಂದು ಗಿಡ ಎತ್ತಿ ಬಿಸಿಲಿಗೆ ಹಿಡಿದಳು. ತುದಿಯಲ್ಲಿ ಇನ್ನೂ ಒಂದೆರಡು ಹಳದಿ ಹೂ ಇದ್ದವು. ಹೂ ಬಿಟ್ಟ ಜಾಗದಿಂದ ದಾರದಂಥ ಎಳೆಯೊಂದು ಕೆಳಗಿಳಿದು, ಅದರ ತುದಿಯಲ್ಲಿ ಮಣ್ಣು ಮೆತ್ತಿದ ಕಾಯಿ. ಅವಳು ಆ ಎಳೆಯನ್ನು ಬೆರಳಿನಿಂದ ಮೇಲೆ ಕೆಳಗೆ ಸವರಿ ನೋಡಿದಳು.

"ಇದು ಮ್ಯಾಲ ಇರೋದ. ಹಡಿಲಿಕ್ಕೆ ಅಷ್ಟ ಕೆಳಗ ಹೋಗೇದ," ಎಂದಳು. "ಬಾಣಂತನಕ್ಕ ಹೋದ ಮಾತ್ರಕ್ಕ ಹೆಣ್ಣಮಗಳು ತವರಮನಿಯಾಕಿ ಆಗ್ತಾಳೇನು? ಹೆಸರೂ ಶೇಂಗಾಕಾಯಿ ಅಂತ ಅದ. ಶೇಂಗಾಗಡ್ಡಿ ಅಂತ ಯಾರೂ ಅನ್ನಂಗಿಲ್ಲ."

ಅಪ್ಪ ಉಸಿರು ಬಿಟ್ಟರು. ಈಳಿಗೆಯ ಕಡೆಯಿಂದ ಅವ್ವನ ಮಾತು ಬಂತು. "ಹೆಸರು ಹಿಡದ್ರ ಮೂಲಂಗಿ ಗಡ್ಡಿ ಅಲ್ಲ. ಜಾಗಾ ಹಿಡದ್ರ ಶೇಂಗಾ ಗಡ್ಡಿ. ಎರಡರಾಗ ಯಾವದನ್ನ ಹಿಡಿಯೋದು ಅಂತ ಒಮ್ಮೆ ಹೇಳಿಬಿಡ್ರಿ ಅಕ್ಕಾ."

"ಎರಡೂ ಹಿಡಿಯೋದು," ಎಂದಳು ಅತ್ಯಾ.

ಅಪ್ಪ ಅವ್ವನನ್ನು ಮೆಚ್ಚುಗೆಯಿಂದ ನೋಡಿ, ಟೊಪ್ಪಿಗೆ ಹಾಕಿಕೊಂಡು ಕೋರ್ಟಿಗೆ ಹೋದರು. ಅಲ್ಲಿ ಅವರಿಗೆ ಇಷ್ಟು ಒಳ್ಳೆಯ ವಾದ ಕೇಳಸಿಗುತ್ತಿತ್ತೋ ಇಲ್ಲವೋ, ನನಗೆ ಸಂಶಯ.

ನಮ್ಮ ನೆರೆಮನೆಯವರು ಮಾತ್ರ ಈ ವ್ರತದಿಂದ ಉದ್ಧಾರವಾದರು. ಹಿರೇಕೆರೂರಿನ ಕಡೆಯ ಕಕ್ಷಿದಾರರು ಸಂಕ್ರಾಂತಿಯ ಹೊತ್ತಿಗೆ ಬುಟ್ಟಿ ತುಂಬ ಗೆಣಸು ತರುತ್ತಿದ್ದರು. ಬೇಡ ಎನ್ನುವುದು ಮರ್ಯಾದೆಯಲ್ಲ. ಅತ್ಯಾ ಬುಟ್ಟಿಯ ಮೇಲಿನ ಬಟ್ಟೆಯನ್ನು ಸರಿಸಿ ಗೆಣಸುಗಳನ್ನು ಒಂದು ಸಲ ನೋಡುತ್ತಿದ್ದಳು, ಬಟ್ಟೆ ಮುಚ್ಚುತ್ತಿದ್ದಳು, ಬುಟ್ಟಿಯನ್ನು ನೆರೆಮನೆಗೆ ಕಳಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಅವರ ಮನೆಯಿಂದ ಗೆಣಸು ಬೇಯುವ ವಾಸನೆ ನಮ್ಮ ಪಡಸಾಲೆಗೆ ಬರುತ್ತಿತ್ತು. ನಾವು ನಾಲ್ವರೂ ಅದನ್ನು ಬಿಟ್ಟಿಯಾಗಿ ಮೂಸುತ್ತ ಕೂರುತ್ತಿದ್ದೆವು. ವಾಸನೆಯ ಬಗ್ಗೆ ಕಾಶಿಯಲ್ಲಿ ಏನೂ ಮಾತಾಗಿರಲಿಲ್ಲ.

ಅವ್ವನಿಗೆ ಬಟಾಟಿ ಎಂದರೆ ಪ್ರಾಣ. ಪಂಚಮಿಗೆ ಹಾನಗಲ್ಲಿಗೆ ಹೋದಾಗ ಅವಳು ಬಟಾಟಿ ಪಲ್ಯ, ಬಟಾಟಿ ಭಜಿ, ಬಟಾಟಿ ಹಪ್ಪಳ ಎಲ್ಲ ಕುಳಿತಲ್ಲೇ ಮುಗಿಸಿದ್ದನ್ನು ಕಂಡು ನಮ್ಮ ಅಜ್ಜಿ, "ಸವಣೂರಾಗ ಬರಗಾಲ ಬಿದ್ದದೇನ ತಂಗಿ?" ಎಂದು ಕೇಳಿದಳು. "ಇಲ್ಲವ್ವಾ, ಕಾಶಿಯಾತ್ರಾ ಬಿದ್ದದ," ಎಂದಳು ಅವ್ವ. ತಿರುಗಿ ಬರುವಾಗ ಒಂದಿಷ್ಟು ಬಟಾಟಿಯನ್ನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು ಬಂದಳು. ಅಡಿಗೆಮನೆಗೆ ಒಯ್ಯುವಂತಿಲ್ಲ. ಬಚ್ಚಲಿನಲ್ಲಿ ನೀರು ಕಾಯಿಸುವ ಹಂಡೆಯ ಒಲೆ ಇತ್ತು. ಅತ್ಯಾ ದೇವರ ಮುಂದೆ ಕುಳಿತ ಹೊತ್ತು ನೋಡಿ, ಅದರ ಕೆಂಡದಲ್ಲಿ ಎರಡು ಬಟಾಟಿ ಹೂಳಿದಳು. ನನಗೂ ಒಂದು ಎಂದು ಮಾತಾಗಿತ್ತು.

ಅತ್ಯಾ ಪೂಜೆಯ ನಡುವೆಯೇ ಎದ್ದು ಬಂದು ಬಚ್ಚಲ ಬಾಗಿಲಲ್ಲಿ ನಿಂತಳು.

"ಏನೋ ಸುಟ್ಟ ವಾಸನಿ ಬಂತು."

"ಸೌದಿ ಹಸೀ ಅದಾವರಿ ಅಕ್ಕಾ," ಎಂದಳು ಅವ್ವ.

"ಹಸೀ ಸೌದಿಗೆ ಉಪ್ಪು ಹಚ್ಚತಾರೇನು?"

ಅವ್ವನ ಅಂಗೈಯಲ್ಲಿ ಉಪ್ಪು ಇತ್ತು.

ಅತ್ಯಾ ಬೈಯಲಿಲ್ಲ. ಹಂಡೆಯನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ, ತಾನೇ ತಿಕ್ಕಿ ತೊಳೆದಳು. ಆಮೇಲೆ ಅಂದಳು: "ನೀ ತಿನ್ನಬ್ಯಾಡ ಅಂತ ನಾ ಎಂದೂ ಅಂದಿಲ್ಲ. ನನ್ನ ಒಲಿಗೆ ತರಬ್ಯಾಡ ಅಂದೇನಿ."

"ಈ ಮನ್ಯಾಗ ನಿಮ್ಮದಲ್ಲದ ಒಲಿ ಯಾವದದರಿ?" ಎಂದಳು ಅವ್ವ.

ನಿಜವಾದ ಜಗಳ ಅದೇ. ಅವ್ವನಿಗೆ ತನ್ನ ಮನೆಯಲ್ಲಿ ತಾನು ಬೇಕೆಂದ ಒಂದು ಪಲ್ಯ ಬೇಕಿತ್ತು. ಅತ್ಯಾನಿಗೆ ತನ್ನ ವ್ರತ ಬೇಕಿತ್ತು. ಒಲೆ ಮಾತ್ರ ಒಂದೇ ಇತ್ತು. ನಾನು ಮನಸ್ಸಿನಲ್ಲಿ ಅವ್ವನ ಕಡೆ ಇದ್ದೆ, ಯಾಕೆಂದರೆ ನನ್ನ ಬಟಾಟಿಯೂ ಆ ಕೆಂಡದಲ್ಲೇ ಹೋಗಿತ್ತು.

ಮನೆಮನೆಗೆ ಬುಟ್ಟಿ ಹೊತ್ತು ಬರುವ ಕಾಯಿಪಲ್ಲೆಯ ಹೆಂಗಸು ಒಂದು ದಿನ ನಮ್ಮ ಕಟ್ಟೆಯ ಮೇಲೆ ಹೊಸ ಸರಕು ಇಳಿಸಿದಳು. ತಿಳಿ ಹಸಿರು ಬಣ್ಣದ ಗುಂಡು, ಮೈಯಿಂದಲೇ ನಾಲ್ಕಾರು ಎಲೆ ಹೊರಟಿದ್ದವು. ಅವ್ವ ಒಂದನ್ನು ಎತ್ತಿ ತೂಗಿ ನೋಡಿದಳು. ಅತ್ಯಾ ಬಾಗಿಲಲ್ಲಿ ನಿಂತಿದ್ದಳು.

"ನವಲಕೋಲ್ರೀ. ಬೆಳಗಾಂವ ಕಡಿಂದ ಬಂದೈತ್ರಿ," ಎಂದಳು ಆ ಹೆಂಗಸು. "ಬಟಾಟಿಹಂಗ ಮೆತ್ತಗ ಬೇಯ್ತೈತಿ. ಗಡ್ಡಿ ನೋಡ್ರಿ, ಎಷ್ಟ ಎಳೇವು ಅದಾವು."

ಬಟಾಟಿಯ ಹಾಗೆ ಎಂದದ್ದಕ್ಕೆ ಅವ್ವನ ಮುಖ ಅರಳಿತು. ಗಡ್ಡಿ ಎಂದದ್ದಕ್ಕೆ ಅತ್ಯಾ ಒಳಗೆ ಹೋದಳು.

"ಅದಕ್ಕ ಗಡ್ಡಿ ಅಂತ ಯಾಕಂದಿ ನೀ?" ಎಂದಳು ಅವ್ವ ಸಿಟ್ಟಿನಿಂದ.

"ಮತ್ತೇನನ್ಲಿರಿ? ಹಣ್ಣ ಅನ್ಲೇನು?"

"ಇದು ನೆಲದಾಗ ಬೆಳಿತದೋ, ಮ್ಯಾಲೋ? ಅದನ್ನರ ಹೇಳು."

"ನಾ ಮಾರಾಕತ್ತೇನ್ರಿ, ಬೆಳಿಯಾಕತ್ತಿಲ್ಲ," ಎಂದು ಅವಳು ಬುಟ್ಟಿ ಎತ್ತಿಕೊಂಡಳು.

ಆ ಸಂಜೆ ಅವ್ವ ಅಪ್ಪನನ್ನು ತಾರೀಖು ಕೊಡಲು ಬಿಡಲಿಲ್ಲ. ಹೆಸರಿನಲ್ಲಿ ಗಡ್ಡಿ ಇಲ್ಲ, ನವಲಕೋಲ ಎಂದಿದೆ. ಮಾರುವವಳು ಗಡ್ಡಿ ಎಂದದ್ದು ಬರೀ ಬಾಯಿರೂಢಿ. ಇನ್ನು ಉಳಿದದ್ದು ಜಾಗದ ಪ್ರಶ್ನೆ. ಅತ್ಯಾ, ಅಷ್ಟು ಗುಂಡಗೆ ಇರುವುದು ನೆಲದ ಒಳಗಲ್ಲದೆ ಇನ್ನೆಲ್ಲಿ ಬೆಳೆದೀತು ಎಂದಳು. ಕುಂಬಳಕಾಯಿ ಗುಂಡಗಿಲ್ಲವೇ ಎಂದಳು ಅವ್ವ. ಅಪ್ಪ ಕನ್ನಡಕ ತೆಗೆದು ಒರೆಸಿದರು. ನವಲಕೋಲ ಎಲ್ಲಿ ಬೆಳೆಯುತ್ತದೆ ಎಂಬುದು ಅವರಿಗೂ ತಿಳಿದಿರಲಿಲ್ಲ, ಆದರೆ ಹಾಗೆಂದು ಹೇಳುವ ರೂಢಿ ವಕೀಲರಿಗೆ ಇರುವುದಿಲ್ಲ.

"ಹಿತ್ತಲದಾಗ ಹಾಕಿ ನೋಡೋಣು," ಎಂದರು. "ನೆಲ ಏನ ಹೇಳ್ತದ ಅದ ಖರೇ."

ಅತ್ಯಾ ಒಪ್ಪಿದಳು. "ಒಳಗ ಬಂತಂದ್ರ ಗಡ್ಡಿ. ಮ್ಯಾಲ ಬಂತಂದ್ರ ನನ್ನ ಕೈಯಾರೆ ಪಲ್ಯಾ ಮಾಡಿ ಹಾಕ್ತೇನಿ."

ಮಳೆಗಾಲ ಹಿಂದೆ ಸರಿದಿತ್ತು. ಹಿರೇಬೆಂಡಿಗೇರಿಯ ಅದೇ ರೈತ ಶಿಗ್ಗಾವಿಯ ಹತ್ತಿರದ ತೋಟವೊಂದರಿಂದ ನವಲಕೋಲದ ಸಸಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ. ತನ್ನ ಹೊಲದ ಖಟ್ಲೆಗೆ ಇದರಿಂದ ಏನಾದರೂ ಅನುಕೂಲವಾದೀತೇ ಎಂದು ನೋಡಿದ, ಆಗಲಿಲ್ಲ. ಸಸಿ ಊರಿದವಳು ಅತ್ಯಾ. ಹಿತ್ತಿಲು ಅವಳದು, ಬೇರೆಯವರು ಅಲ್ಲಿ ಒಂದು ಮೆಣಸಿನ ಗಿಡ ಮುಟ್ಟುವಂತಿರಲಿಲ್ಲ. ಹೀರೆ, ಚವಳಿ, ಬದನೆಗಳ ಪಕ್ಕದಲ್ಲಿ ಒಂದು ಪಟ್ಟಿ ಹಸನು ಮಾಡಿ, ಗೊಬ್ಬರ ಬೆರೆಸಿ, ಒಂದೊಂದನ್ನೂ ಅಂಗೈಯಿಂದ ಒತ್ತಿ ನಿಲ್ಲಿಸಿದಳು. ತನ್ನ ವಿರುದ್ಧ ಸಾಕ್ಷಿ ಹೇಳಲು ಬಂದ ಗಿಡಗಳಿಗೆ ಅವಳು ಅಷ್ಟು ಚೆನ್ನಾಗಿ ನೀರು ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಸಿ ಚಿಗುರಿ ದಂಟು ದಪ್ಪವಾಗತೊಡಗಿದಾಗ ಅತ್ಯಾ ಅವುಗಳ ಬುಡಕ್ಕೆ ಮಣ್ಣು ಏರಿಸಿದಳು. ಗಾಳಿಗೆ ಬೀಳಬಾರದೆಂದರೆ ಬುಡಕ್ಕೆ ಮಣ್ಣು ಬೇಕು, ಇದು ಹಿತ್ತಿಲು ಮಾಡುವ ಎಲ್ಲರೂ ಬಲ್ಲ ಮಾತು. ಆದರೆ ಬದನೆಯ ಬುಡಕ್ಕೆ ಒಂದು ಬೊಗಸೆ ಹಾಕಿದರೆ ನವಲಕೋಲದ ಬುಡಕ್ಕೆ ನಾಲ್ಕು ಬೊಗಸೆ ಬೀಳುತ್ತಿತ್ತು. ಅವಳು ಸ್ನಾನಕ್ಕೆ ಹೋದ ಕೂಡಲೇ ಅವ್ವ ಹಿತ್ತಿಲಿಗಿಳಿದು ಆ ಮಣ್ಣನ್ನೆಲ್ಲ ಬೆರಳಿನಿಂದ ಕೆದರಿ ತೆಗೆಯುತ್ತಿದ್ದಳು. ಹೀಗೆ ಆ ಗಿಡಗಳು ಬೆಳಿಗ್ಗೆ ಕತ್ತಿನವರೆಗೆ ಹೂತು ನಿಂತರೆ, ಮಧ್ಯಾಹ್ನಕ್ಕೆ ಬರಿಗಾಲಲ್ಲಿ ನಿಲ್ಲುತ್ತಿದ್ದವು. ಇಷ್ಟಾದರೂ ಅವು ಸಾಯಲಿಲ್ಲ. ಬೆಳಗಾವಿ ಕಡೆಯ ತರಕಾರಿ ಗಟ್ಟಿ.

ಇಬ್ಬರಿಗೂ ಇನ್ನೊಬ್ಬರ ಕೆಲಸ ಗೊತ್ತಿತ್ತು, ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಮಾತ್ರ ಹೊತ್ತು ತಪ್ಪಿ ಇಬ್ಬರೂ ಆ ಪಟ್ಟಿಯ ಮುಂದೆ ಎದುರುಬದುರಾದರು. ಅತ್ಯಾನ ಕೈಯಲ್ಲಿ ಖುರ್ಪಿ, ಅವ್ವನ ಉಗುರಿನಲ್ಲಿ ಮಣ್ಣು.

"ಏನ ಮಾಡ್ತಿದ್ದಿ?"

"ಹುಳಾ ಬಿದ್ದಾವೇನು ಅಂತ ನೋಡ್ತಿದ್ದೆರಿ. ನೀವು?"

"ನಾನೂ ಹುಳಾನ ನೋಡ್ಲಿಕ್ಕೆ ಬಂದೆ."

ಇಬ್ಬರೂ ಸ್ವಲ್ಪ ಹೊತ್ತು ಹುಳ ನೋಡಿದರು. ಹುಳ ಇರಲಿಲ್ಲ. ಒಳಗೆ ಬಂದು ಕೈ ತೊಳೆದರು.

ನವಲಕೋಲಕ್ಕೆ ಈ ಯಾವುದರ ಪರಿವೆಯೂ ಇರಲಿಲ್ಲ. ಅದರ ದಂಟು ಮೊದಲು ಅಡಿಕೆಯಷ್ಟಾಯಿತು, ಆಮೇಲೆ ನಿಂಬೆಯಷ್ಟಾಯಿತು, ಆಮೇಲೆ ಒಳ್ಳೆಯ ಪೇರಲಹಣ್ಣಿನಷ್ಟಾಗಿ ನೆಲದ ಮೇಲೆ ಗಾಳಿಯಲ್ಲಿ ನಿಂತಿತು. ಕೆಳಗೆ ಬೆರಳಿನಷ್ಟು ದಪ್ಪದ ಕಾಲು, ಅದರ ಕೆಳಗೆ ಬೇರು. ಅತ್ಯಾ ಎಷ್ಟು ಮಣ್ಣು ಏರಿಸಿದರೂ ಗುಂಡು ಮಣ್ಣಿನ ಮೇಲೆ ತಲೆ ಎತ್ತಿಯೇ ಇರುತ್ತಿತ್ತು. ಒಂದು ಮುಂಜಾನೆ ಅಪ್ಪ ಕೋಟು ಹಾಕಿಕೊಂಡು, ಕೈಗೋಲು ಹಿಡಿದು ಹಿತ್ತಿಲಿಗೆ ಇಳಿದರು. ಬಾಗಿ, ಕೋಲನ್ನು ಒಂದು ಗುಂಡಿನ ಕೆಳಗಿನಿಂದ ತೂರಿಸಿದರು. ಕೋಲು ಆಚೆ ಬಂತು.

"ಮ್ಯಾಲ ಅದ ಅಕ್ಕಾ," ಎಂದರು. "ಗಡ್ಡಿ ಅಲ್ಲ ಇದು. ಐತವಾರ ಪಲ್ಯಾ."

ಅತ್ಯಾ ಆ ಕೋಲನ್ನು ನೋಡಿ, "ಆತು" ಎಂದಳು. ಅಷ್ಟೇ. ಅವ್ವ ಆ ದಿನವೆಲ್ಲ ಕುಣಿದಾಡಲಿಲ್ಲವಾದರೂ, ಅಕ್ಕಿ ಆರಿಸುವಾಗ ತನ್ನಷ್ಟಕ್ಕೆ ಹಾಡಿಕೊಂಡಳು. ಎರಡು ವರ್ಷದಲ್ಲಿ ಅವಳು ಗೆದ್ದ ಖಟ್ಲೆ ಅದೊಂದೇ.

ಶನಿವಾರ ಇಳಿಹೊತ್ತಿಗೆ ಅತ್ಯಾ ನವಲಕೋಲ ಕೀಳಲು ಹಿತ್ತಿಲಿಗೆ ಹೋದಳು. ಅವ್ವ ಬುಟ್ಟಿ ಹಿಡಿದು ಹಿಂದೆ ಹೋದಳು. ನಾನು ಬಾವಿಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದೆ. ಗೆದ್ದವರಿಗೆ ಉದಾರವಾಗುವುದು ಸುಲಭ. ಅವ್ವ ಮೆತ್ತಗೆ ಮಾತು ತೆಗೆದಳು.

"ಅಕ್ಕಾ, ಒಂದ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಎಲ್ಲಾರೂ ಹಾಗಲಕಾಯಿ ಬಿಟ್ಟು ಬಂದ್ರು. ನೀವೊಬ್ರ ಯಾಕ ಇಷ್ಟೆಲ್ಲಾ ಬಿಟ್ರಿ?"

ಅತ್ಯಾ ಒಂದು ಗಿಡ ಕಿತ್ತು, ಬೇರಿನ ಮಣ್ಣನ್ನು ಕಲ್ಲಿಗೆ ಬಡಿದು ಉದುರಿಸಿದಳು.

"ಗಂಗಿಯೊಳಗ ಮೊಣಕಾಲಮಟಾ ನಿಂತಿದ್ದೆ. ಅಲ್ಲಿ ಭಟ್ಟರು ಬಂದು, 'ಅವ್ವಾ, ನೀವು ಏನ ಬಿಡ್ತೀರಿ?' ಅಂತ ಕೇಳಿದ್ರು."

"ಹೂಂ."

"ನನಗ ಯಾರೂ ಹಂಗ ಕೇಳಿದ್ದಿಲ್ಲ."

ಅವ್ವ ಬುಟ್ಟಿಯನ್ನು ನೆಲಕ್ಕಿಟ್ಟಳು.

"ಕೂದಲಾ ತಗದ್ರು, ಕೇಳಲಿಲ್ಲ. ಬಳಿ ಒಡದ್ರು, ಕೇಳಲಿಲ್ಲ. ಕುಂಕುಮಾ, ಹೂವು, ಬಣ್ಣದ ಸೀರಿ, ರಾತ್ರಿ ಊಟಾ, ಒಂದಕ್ಕೂ ಕೇಳಲಿಲ್ಲ. ಅಲ್ಲೆ ಆ ಭಟ್ಟರು ಕೇಳಿದ್ರು, ರೀ ಹಚ್ಚಿ ಕೇಳಿದ್ರು. ನನಗ ಖುಷಿ ಆತು. ಖುಷಿಗೆ ಭಾಳ ಬಿಟ್ಟೆ."

ಮತ್ತೊಂದು ಗಿಡ ಕಿತ್ತಳು. "ಹಾಗಲಕಾಯಿ ಬಿಡಬಹುದಿತ್ತು, ಖರೇ. ಅದನ್ನ ಬಿಟ್ರ ಏನ ಬಿಟ್ಟಂಗಾತು? ಗೆಣಸ ಅಂದ್ರ ನನಗ ಜೀವ. ಉಳದದ್ದೆಲ್ಲಾ ಅವರು ಬಿಡಿಸಿದ್ದು. ಇದು ನಾ ಬಿಟ್ಟದ್ದು."

ಇಷ್ಟು ಹೇಳಿ, ಬದನೆಗೆ ನೀರು ಹಾಕುವುದಿದೆ ಎಂದು ಬಾವಿಯ ಕಡೆ ಬಂದಳು. ನಾನು ಅವರೆಕಾಯಿಯ ಸಿಪ್ಪೆಯನ್ನು ಬುಟ್ಟಿಗೂ ಕಾಳನ್ನು ನೆಲಕ್ಕೂ ಹಾಕುತ್ತಿದ್ದೆ. ನನಗೆ ಸಿಟ್ಟು ಬಂತು. ಕೇಳದೆ ಹೋದವರಲ್ಲಿ ನಮ್ಮ ಅಜ್ಜನೂ ಒಬ್ಬ, ಅವನ ಪಟ ನಡುಮನೆಯಲ್ಲಿ ಗಂಧದ ಹಾರ ಹಾಕಿಕೊಂಡು ತೂಗುತ್ತಿತ್ತು. ಆಮೇಲೆ ಎಷ್ಟೋ ದಿನ ನಾನು ಅದಕ್ಕೆ ಕೈ ಮುಗಿಯಲಿಲ್ಲ. ಅಜ್ಜನ ಮುಖದಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಅವ್ವ ಬುಟ್ಟಿ ಎತ್ತಿಕೊಂಡು ಒಳಗೆ ನಡೆದಳು.

ಐತವಾರ ಅಪ್ಪ ಬೇಗ ಸ್ನಾನ ಮುಗಿಸಿ ಪಡಸಾಲೆಯಲ್ಲಿ ಕುಳಿತರು. ತೀರ್ಪು ಜಾರಿಯಾಗುವುದನ್ನು ಅವರು ಕೋರ್ಟಿನಲ್ಲಿ ಅಪರೂಪಕ್ಕೆ ನೋಡುತ್ತಿದ್ದರು. ಅತ್ಯಾ ಮಡಿಯುಟ್ಟು ಒಲೆ ಹೊತ್ತಿಸಿ, ಒಗ್ಗರಣೆಗೆ ಸಾಸಿವೆ ತೆಗೆದಿಟ್ಟು, "ಹೆಚ್ಚೀ ಏನು?" ಎಂದು ಕೇಳಿದಳು. ಅವ್ವ ಈಳಿಗೆಯ ಮುಂದೆ ಕುಳಿತೇ ಇರಲಿಲ್ಲ. ಪಡಸಾಲೆಯ ಬಾಗಿಲಿಗೆ ಬಂದು ಅಪ್ಪನ ಎದುರು ನಿಂತಳು.

"ಅದು ಗಡ್ಡೀನ ಅದರಿ," ಎಂದಳು.

"ಯಾವ್ದು?"

"ನವಲಕೋಲ."

"ನಾ ಕೋಲ ಹಾಯಿಸಿ ನೋಡೇನಲ್ಲ?"

"ಮಣ್ಣ ಕೆದರಿ ತಗದಾಕಿ ನಾನು. ದಿನಾ ತಗೀತಿದ್ದೆ. ಅದಕ್ಕ ನಿಮಗ ಮ್ಯಾಲ ಕಂಡದ. ಮೊದಲ ಅದು ಮಣ್ಣಾಗ ಇತ್ತು."

ಅಪ್ಪ ಅವಳ ಮುಖ ನೋಡಿದರು. "ಅಂದ್ರ ಸಾಕ್ಷಿ ಕೆಡಿಸೀ?"

"ಹೌದರಿ."

ಒಳಗಿನಿಂದ ಅತ್ಯಾ, "ತಮ್ಮಾ, ಮಣ್ಣ ಹಾಕಿದಾಕಿ ನಾನು," ಎಂದಳು. "ಆಕಿ ತಗೀಲಿಕ್ಕೆ ನಾ ಹಾಕಿದ್ದಕ್ಕ ಆತು."

ವಾದಿ ತನ್ನ ವಿರುದ್ಧ, ಪ್ರತಿವಾದಿ ತನ್ನ ವಿರುದ್ಧ ಹೇಳಿಕೆ ಕೊಟ್ಟ ಖಟ್ಲೆ ಅಪ್ಪನಿಗೆ ಅದುವರೆಗೆ ಬಂದಿರಲಿಲ್ಲ. "ಹಂಗಾದ್ರ ಖಟ್ಲೇನ ವಜಾ," ಎಂದರು ಕಡೆಗೆ. "ಆ ಗಡ್ಡಿ ಆಕಳಿಗೆ ಹಾಕ್ರಿ. ನನಗ ಹಸಿವಿ ಆಗೇದ."

ಅವ್ವ ಅಡಿಗೆಮನೆಗೆ ತಿರುಗಿ ಬಂದಳು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಅತ್ಯಾ ಅದನ್ನು ಇಳಿಸಿ ಪಕ್ಕಕ್ಕಿಟ್ಟಳು. ಆಕಳಿಗೆ ಹೋಗಬೇಕಾದ ಬುಟ್ಟಿಯನ್ನು ಇಬ್ಬರೂ ನೋಡಲಿಲ್ಲ.

"ಇವತ್ತ ಏನ ಮಾಡ್ಲಿ?" ಎಂದಳು ಅತ್ಯಾ.

"ನಿಮಗ ತಿಳದದ್ದು ಮಾಡ್ರಿ."

"ಹಂಗಲ್ಲ. ನಿನ್ನ ಕೇಳ್ಲಿಕ್ಕತ್ತೇನಿ. ನಿನಗ ಏನ ಬೇಕು?"

ಮದುವೆಯಾಗಿ ಬಂದಂದಿನಿಂದ ಆ ಮನೆಯಲ್ಲಿ ಅವ್ವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅತ್ಯಾ ಅಂತೂ ಕೇಳಿರಲಿಲ್ಲ, ಅಪ್ಪನೂ ಕೇಳಿರಲಿಲ್ಲ, ಸುಳ್ಳು ಯಾಕೆ, ನಾನೂ ಕೇಳಿರಲಿಲ್ಲ. ಎರಡು ವರ್ಷ ಒಂದು ಪಲ್ಯಕ್ಕಾಗಿ ಜಗಳಾಡಿದವಳು ಈಗ ಕಾಯಿಪಲ್ಲೆಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಅದರ ಮುಂದೆ ಕುಳಿತಳು. ಬದನೆಕಾಯಿಯೊಂದನ್ನು ಎತ್ತಿ ತಿರುಗಿಸಿ ನೋಡಿ ಕೆಳಗಿಟ್ಟಳು. ಹೀರೇಕಾಯಿಯನ್ನು ಎತ್ತಿದಳು, ಅದನ್ನೂ ಇಟ್ಟಳು. ಚವಳಿಕಾಯಿಯ ಒಂದು ಹಿಡಿ ತೆಗೆದು ಮಡಿಲಲ್ಲಿ ಹಾಕಿಕೊಂಡು, ಮತ್ತೆ ಬದನೆಕಾಯಿಯ ಕಡೆ ನೋಡಿದಳು. ಕಣ್ಣು ಒರೆಸಿಕೊಂಡಳು. ಒಲೆಯಲ್ಲಿ ಸೌದೆ ಸುಮ್ಮನೆ ಉರಿಯುತ್ತಿತ್ತು. ಸೌದೆ ದಂಡವಾಗುವುದನ್ನು ಕಂಡರೆ ಸಹಿಸದ ಅತ್ಯಾ ಅದನ್ನು ಹಿಂದಕ್ಕೆ ಎಳೆಯಲಿಲ್ಲ, ಕೈ ಕಟ್ಟಿ ಕುಳಿತಿದ್ದಳು.

ಪಡಸಾಲೆಯಿಂದ ಅಪ್ಪ, ಊಟಕ್ಕೆ ಇನ್ನೂ ಎಷ್ಟು ಹೊತ್ತು ಎಂದು ಕೂಗಿದರು.

"ತಡೀ ತಮ್ಮಾ," ಎಂದಳು ಅತ್ಯಾ. "ಆಕಿ ವಿಚಾರ ಮಾಡ್ಲಿಕ್ಕತ್ತಾಳ."